ಬಾವಿಯೂ ಜಾಸ್ತಿ, ಬೆಲೆಯೂ ಕಡಿಮೆ: ಎರಡೂ ಒಟ್ಟಿಗೆ ಆಗುತ್ತಾ?

ಹಾಸನ ಟ್ಯಾಂಕರ್: ಟ್ರಂಪ್ 2024ರ ಚುನಾವಣೆಯಲ್ಲಿ ‘ಡ್ರಿಲ್, ಬೇಬಿ, ಡ್ರಿಲ್’, ಅಂದರೆ ತೈಲ ಬಾವಿ ಕೊರೆಯಿರಿ ಅಂತ ಊರೂರಲ್ಲಿ ಕೂಗಿದರು. ಗೆದ್ದರೆ ಇಂಧನದ ಬೆಲೆ ಅರ್ಧಕ್ಕೆ ಇಳಿಸುತ್ತೇನೆ ಅಂದರು. ನಮ್ಮಲ್ಲೂ 2015ರಲ್ಲಿ ಮೋದಿಯವರು ತೈಲ ಆಮದಿನ ಅವಲಂಬನೆಯನ್ನು 2022ರೊಳಗೆ ಶೇ 10ರಷ್ಟು ತಗ್ಗಿಸೋಣ ಅಂದಿದ್ದರು. ಆಗ ಶೇ 77ರ ಆಸುಪಾಸು ಇತ್ತು, ಈಗ ಶೇ 85 ದಾಟಿದೆ. ಮಂಗಳೂರಿಂದ ಪೈಪ್‌ಲೈನಿನಲ್ಲಿ ಹಾಸನಕ್ಕೆ ಬರುವ ಡೀಸೆಲ್ ತುಂಬಿಸಿಕೊಂಡು ಬಂಕ್‌ಗಳಿಗೆ ಹೋಗುವವನು ನಾನು. ಹೇಳಿ, ಇವರು ಸುಳ್ಳು ಹೇಳಿದರೋ, ಇಲ್ಲ ಅದು ಅವರ ಕೈಯಲ್ಲೇ ಇರಲಿಲ್ಲವೋ?

ಕಡೂರು ಹುಡುಗ: ಮನಸ್ಸಿದ್ದರೆ ಎಲ್ಲಾ ಆಗುತ್ತೆ ಅಣ್ಣ. ಬೈಡನ್ ಪರಿಸರ ಪರಿಸರ ಅಂತ ಕಂಪನಿಗಳ ಕೈ ಕಟ್ಟಿಹಾಕಿದ್ದರು, ಟ್ರಂಪ್ ಬಿಚ್ಚಿದರು.

ಅರಸೀಕೆರೆ ಅಕೌಂಟೆಂಟ್: ಕೈ ಕಟ್ಟಿದ್ದರೆ 2023ರಲ್ಲಿ ಅಮೆರಿಕ ದಿನಕ್ಕೆ ಸುಮಾರು 1.29 ಕೋಟಿ ಬ್ಯಾರೆಲ್ ತೆಗೆದು ದಾಖಲೆ ಮಾಡಿದ್ದು ಹೇಗಪ್ಪಾ? 2024ರಲ್ಲಿ ಅದೂ ಮುರಿಯಿತು. ಎರಡೂ ಬೈಡನ್ ಕಾಲದವೇ. ಅಲ್ಲಿನ ತೈಲದಲ್ಲಿ ಬಹುಪಾಲು ಖಾಸಗಿ ಮತ್ತು ರಾಜ್ಯಗಳ ಜಮೀನಿನದು, ಅಧ್ಯಕ್ಷರ ಅಪ್ಪಣೆಗೆ ಅದು ಕಾಯುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಹೊಸ ಬಾವಿ ಕೊರೆದು ಗಿಟ್ಟಬೇಕಾದರೆ ಎಷ್ಟು ಬೆಲೆ ಬೇಕು ಅಂತ ಅಮೆರಿಕದ ಕೇಂದ್ರ ಬ್ಯಾಂಕಿನ ಅಂಗವಾದ ಡಲ್ಲಾಸ್‌ನ ಫೆಡರಲ್ ರಿಸರ್ವ್ ಬ್ಯಾಂಕ್ 2025ರಲ್ಲಿ ಕಂಪನಿಗಳನ್ನೇ ಕೇಳಿತ್ತು. ಬ್ಯಾರೆಲ್‌ಗೆ ಸರಾಸರಿ 65 ಡಾಲರ್ ಅಂದರು. ಅದೇ ವರ್ಷ ಏಪ್ರಿಲ್‌ನಲ್ಲಿ ಒಂದು ಕಡೆ ಟ್ರಂಪ್ ಅವರದೇ ಸುಂಕದ ಗದ್ದಲ, ಇನ್ನೊಂದು ಕಡೆ ಸೌದಿ, ರಷ್ಯಾ ಮುಂತಾದ ತೈಲ ದೇಶಗಳ ಕೂಟವಾದ ಒಪೆಕ್ ಪ್ಲಸ್‌ನ ದೇಶಗಳು ಉತ್ಪಾದನೆ ಏರಿಸಲು ಶುರುಮಾಡಿದವು. ಬೆಲೆ 60ರ ಹತ್ತಿರ ಬಂತು. ಬೆಲೆ ಅರ್ಧ ಆಗಬೇಕು, ಬಾವಿ ಜಾಸ್ತಿ ಆಗಬೇಕು. ಕಂಪನಿಯವನಿಗೇನು ತಲೆ ಕೆಟ್ಟಿದೆಯಾ?

ಮೂಡಿಗೆರೆ ತೋಟ: ಶುಂಠಿಗೆ ರೇಟ್ ಬಂದ ವರ್ಷ ನಮ್ಮ ಕಡೆ ಗುತ್ತಿಗೆಗೆ ಗದ್ದೆ ಸಿಗುವುದಿಲ್ಲ. ರೇಟ್ ಬಿದ್ದ ಮೇಲೆ ಸ್ವತಃ ಮಂತ್ರಿಯೇ ಬಂದು ‘ಜಾಸ್ತಿ ಹಾಕಿ’ ಅಂದರೂ ಬಿತ್ತನೆ ಗೆಡ್ಡೆಗೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಅಮೆರಿಕದಲ್ಲಿ ಬಂಡೆ ಸೀಳಿ ತೈಲ ತೆಗೆಯುವ ಶೇಲ್ ಕಂಪನಿಗಳಿಗೂ ಅದೇ ಭಯ ಅಲ್ವಾ? 2020ರ ಏಪ್ರಿಲ್ 20ರಂದು ಅಲ್ಲಿ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಗಿತ್ತು. ಮಾರುವವನೇ ದುಡ್ಡು ಕೊಟ್ಟು ಮಾಲು ಸಾಗಿಸಬೇಕಾಯಿತು. ಎಷ್ಟೋ ಕಂಪನಿಗಳು ಮುಳುಗಿದವು. ಉಳಿದವರಿಗೆ ಷೇರುದಾರರು ‘ಬಾವಿ ಸಾಕು, ಡಿವಿಡೆಂಡ್ ಕೊಡಿ’ ಅಂತ ಕೂತರು.

ಚನ್ನರಾಯಪಟ್ಟಣ ಮೇಷ್ಟ್ರು: ಎಲ್ಲವನ್ನೂ ಮಾರುಕಟ್ಟೆ ತಲೆಗೆ ಕಟ್ಟುವುದೂ ಸರಿಯಲ್ಲ. 1974ರಲ್ಲಿ ಮುಂಬೈ ಸಮುದ್ರದ ತೈಲ ನಿಕ್ಷೇಪ ಬಾಂಬೆ ಹೈ ಸಿಕ್ಕಿದ್ದು ಸರ್ಕಾರಿ ಕಂಪನಿಯಿಂದ. ದಕ್ಷಿಣ ಅಮೆರಿಕದ ಪುಟ್ಟ ದೇಶ ಗಯಾನಾದಲ್ಲಿ 2015ರಲ್ಲಿ ಸಿಕ್ಕ ತೈಲ 2019ರ ಕೊನೆಗೇ ಹೊರಗೆ ಬಂತು, ಅಲ್ಲಿನ ಸರ್ಕಾರ ಕೊಟ್ಟ ಒಪ್ಪಂದ ಕಂಪನಿಗಳಿಗೆ ಅಷ್ಟು ಹಿಡಿಸಿತ್ತು. ಉಲ್ಟಾ ಉದಾಹರಣೆ ನಮ್ಮದೇ. 2022ರ ಜುಲೈನಲ್ಲಿ ಇಲ್ಲಿ ತೆಗೆದ ಕಚ್ಚಾ ತೈಲಕ್ಕೆ ಟನ್ನಿಗೆ 23,250 ರೂಪಾಯಿ ಹೆಚ್ಚುವರಿ ತೆರಿಗೆ ಬಿತ್ತು. ಏರಿಳಿತ ಆಗುತ್ತಾ 2024ರ ಡಿಸೆಂಬರ್‌ವರೆಗೂ ಅದು ಇತ್ತು. ಬೆಲೆ ಏರಿದಾಗ ಲಾಭ ಕಿತ್ತುಕೊಂಡರೆ, ಬೆಲೆ ಇಳಿದಾಗ ನಷ್ಟ ಯಾರ ಪಾಲಿಗೆ? ಹೂಡಿಕೆ ಮಾಡುವವನು ಇದನ್ನು ಮರೆಯುವುದಿಲ್ಲ.

ಕಡೂರು ಹುಡುಗ: ಅದಿರಲಿ ಮೇಷ್ಟ್ರೇ, ಕೃಷ್ಣಾ-ಗೋದಾವರಿ ಸಮುದ್ರದಲ್ಲಿ ಗ್ಯಾಸ್ ತುಂಬಿ ತುಳುಕುತ್ತಿದೆ ಅಂತ ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ಅದೇನಾಯಿತು?

ಅರಸೀಕೆರೆ ಅಕೌಂಟೆಂಟ್: ಗುಜರಾತ್ ಸರ್ಕಾರದ ಕಂಪನಿಗೆ ಅಲ್ಲಿ 20 ಲಕ್ಷ ಕೋಟಿ ಘನ ಅಡಿ ಗ್ಯಾಸ್ ಸಿಕ್ಕಿದೆ ಅಂತ 2005ರಲ್ಲಿ ದೊಡ್ಡದಾಗಿ ಸಾರಿದರು. ಕೊನೆಗೆ ಸಾಲದ ಹೊರೆ ತಡೆಯಲಾಗದೆ 2017ರಲ್ಲಿ ಶೇ 80 ಪಾಲನ್ನು ಒಎನ್‌ಜಿಸಿಗೆ ಮಾರಿದರು. ಪಕ್ಕದಲ್ಲೇ ರಿಲಯನ್ಸ್‌ನ ಡಿ6 ಬ್ಲಾಕ್ 2010ರಲ್ಲಿ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ಮುಟ್ಟಿ, ಆಮೇಲೆ ಧಡಾರನೆ ಕುಸಿಯಿತು. ಗ್ಯಾಸ್ ದರ ಕಡಿಮೆ ಅನ್ನುವ ಜಗಳವೂ ಇತ್ತು, ನೆಲದಡಿಯ ತೊಂದರೆಯೂ ಇತ್ತು. ಬಂಡೆ ಯಾವ ಪಕ್ಷಕ್ಕೂ ಸೇರಿಲ್ಲ ತಮ್ಮಾ.

ಬೇಲೂರಿನ ಅಕ್ಕ: ನೀವೆಲ್ಲಾ ಅಮೆರಿಕ, ಗಯಾನಾ ಸುತ್ತುತ್ತಿದ್ದೀರಿ. ನನ್ನ ಟಿಲ್ಲರ್ ಕುಡಿಯುವುದು ಬೇಲೂರಿನ ಡೀಸೆಲ್. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿತು, ಲೀಟರಿಗೆ ಮೂರು ರೂಪಾಯಿ ಜಾಸ್ತಿ ಆಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆಯಿತು. ಅದೇ ತಿಂಗಳು ಕಚ್ಚಾ ತೈಲ ಅಗ್ಗವಾದಾಗ ಕೇಂದ್ರ ಅಬಕಾರಿ ಸುಂಕ ಎರಡು ರೂಪಾಯಿ ಹೆಚ್ಚಿಸಿಕೊಂಡಿತು. ಸುಂಕ ಏರಿದರೂ ಬಂಕ್ ಬೆಲೆ ಏರಿಸಲ್ಲ ಅಂತ ಸಮಾಧಾನ ಬೇರೆ. ಇಳಿಯಬೇಕಾದ ದುಡ್ಡು ಎಲ್ಲಿಗೆ ಹೋಯಿತು ಅಂತ ಗೊತ್ತಾಯಿತಲ್ಲ?

ಕಡೂರು ಹುಡುಗ: ಗ್ಯಾರಂಟಿಗಳಿಗೆ, ರಸ್ತೆಗಳಿಗೆ ದುಡ್ಡು ಎಲ್ಲಿಂದ ಬರಬೇಕು ಅಕ್ಕ?

ಬೇಲೂರಿನ ಅಕ್ಕ: ಡೀಸೆಲ್‌ನಿಂದ ಕೀಳುತ್ತೇವೆ ಅಂತ ಓಟು ಕೇಳುವಾಗ ಯಾರೂ ಹೇಳಲಿಲ್ಲವಲ್ಲಪ್ಪ.

ಚನ್ನರಾಯಪಟ್ಟಣ ಮೇಷ್ಟ್ರು: ಇನ್ನೊಂದು ಪಕ್ಕವೂ ಇದೆ ಅಕ್ಕ. 2022ರಲ್ಲಿ ಉಕ್ರೇನ್ ಯುದ್ಧದಿಂದ ತೈಲ 100 ಡಾಲರ್ ದಾಟಿದಾಗ ಮಾರ್ಚ್-ಏಪ್ರಿಲ್‌ನಲ್ಲಿ ಬಂಕ್ ಬೆಲೆ ಸುಮಾರು ಹತ್ತು ರೂಪಾಯಿ ಏರಿತು, ಆಮೇಲೆ ತೈಲ ದುಬಾರಿಯಾಗಿಯೇ ಇದ್ದರೂ ಮತ್ತೆ ಏರಿಸಲಿಲ್ಲ. ಸರ್ಕಾರಿ ತೈಲ ಕಂಪನಿಗಳು ಆ ನಷ್ಟ ಹೊತ್ತವು.

ಬೇಲೂರಿನ ಅಕ್ಕ: ಹೊತ್ತವು, ಒಪ್ಪಿದೆ. 2023-24ರಲ್ಲಿ ಅವೇ ಕಂಪನಿಗಳಿಗೆ ದಾಖಲೆ ಲಾಭ ಬಂತಲ್ಲ? ಆ ವರ್ಷ ಇಳಿದದ್ದು ಚುನಾವಣೆ ಹತ್ತಿರ ಬಂದಾಗ, ಮಾರ್ಚ್‌ನಲ್ಲಿ, ಬರೀ ಎರಡು ರೂಪಾಯಿ. ಅದಕ್ಕೇನು ಹೇಳುತ್ತೀರಿ ಮೇಷ್ಟ್ರೇ?