ಕೆರೆಯು ಸಂರಕ್ಷಣಾ ಮೀಸಲು ಪ್ರದೇಶವಾದರೆ ಮೀನು ಗುತ್ತಿಗೆ ಏನಾಗುತ್ತದೆ?

ಪ್ರಶ್ನೆ (ಕೆರೆಯಂಗಳ):
ನಮ್ಮದು ವಿಜಯನಗರ ಜಿಲ್ಲೆಯ ಒಂದು ಹಳ್ಳಿ. ಊರ ಕೆರೆಯೊಳಗಿನ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಗೂಡು ಕಟ್ಟುತ್ತವೆ. ಆದ್ದರಿಂದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಂತೆ ಇದನ್ನೂ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸಬೇಕೆಂಬ ಮಾತುಕತೆ ನಡೆದಿದೆ. 2024ರ ಜನವರಿಯಲ್ಲಿ ಅಂಕಸಮುದ್ರವು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯೊಡನೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲಂತೂ ಉತ್ಸಾಹ ಹೆಚ್ಚಿದೆ. ಆದರೆ ಕೆರೆಯ ಮೀನು ಪಾಶುವಾರು ಹಕ್ಕನ್ನು, ಅಂದರೆ ಮೀನು ಹಿಡಿಯುವ ಹಕ್ಕನ್ನು, ಗುತ್ತಿಗೆಗೆ ಪಡೆದಿರುವ ಮೀನುಗಾರರ ಸಹಕಾರ ಸಂಘದವರು, ಘೋಷಣೆಯಾದ ಮರುದಿನವೇ ಬಲೆ ಎತ್ತಿಸುತ್ತಾರೆಂದು ಹೆದರಿದ್ದಾರೆ. ಗುತ್ತಿಗೆಯ ಅವಧಿ ಇನ್ನೂ ಉಳಿದಿದೆ. ಕಾನೂನು ಏನು ಹೇಳುತ್ತದೆ, ಕೆರೆಯ ಆಡಳಿತ ಯಾರ ಕೈಗೆ ಹೋಗುತ್ತದೆ?

ಉತ್ತರ (ಕಾನೂನು ಓದುಗ):
ಮೀಸಲು ಪ್ರದೇಶವೆಂದರೆ ಅಭಯಾರಣ್ಯವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯ ಮೂಲಕ ಸೇರಿದ 36ಎ ಕಲಮಿನಂತೆ, ಸರ್ಕಾರಿ ಜಾಗವನ್ನು ಸ್ಥಳೀಯ ಜನರೊಂದಿಗೆ ಸಮಾಲೋಚಿಸಿದ ನಂತರವೇ ಹೀಗೆ ಘೋಷಿಸಬೇಕು. ಅಭಯಾರಣ್ಯಕ್ಕಿರುವ ಕೆಲವು ಕಲಮುಗಳು ಇಲ್ಲಿಗೂ ಅನ್ವಯಿಸುತ್ತವೆ: ಬೆಂಕಿ ಹಚ್ಚುವಂತಿಲ್ಲ, ವನ್ಯಜೀವಿಗಳಿಗೆ ಅಪಾಯ ತರುವ ರಾಸಾಯನಿಕ ಮತ್ತು ಸ್ಫೋಟಕಗಳನ್ನು ಬಳಸುವಂತಿಲ್ಲ. ಆದರೆ ಅಭಯಾರಣ್ಯದಿಂದ ಏನನ್ನೂ ಹೊರತೆಗೆಯದಂತೆ ತಡೆಯುವ 29ನೇ ಕಲಮನ್ನು ಮೀಸಲು ಪ್ರದೇಶಕ್ಕೆ ವಿಸ್ತರಿಸಿಲ್ಲ. ಹಾಗಾಗಿ ಘೋಷಣೆಯೊಂದರಿಂದಲೇ ಗುತ್ತಿಗೆ ರದ್ದಾಗುತ್ತದೆ ಎಂಬ ಮಾತಿಗೆ ಕಾಯ್ದೆಯಲ್ಲಿ ನನಗೆ ಆಧಾರ ಕಾಣುವುದಿಲ್ಲ.

ನನಗೆ ಹೆಚ್ಚು ಚಿಂತೆ ತರುವುದು 36ಬಿ ಕಲಮಿನ ನಿರ್ವಹಣಾ ಸಮಿತಿ. ಅರಣ್ಯ ಇಲಾಖೆಯ ಪ್ರತಿನಿಧಿ ಅದರ ಸದಸ್ಯ ಕಾರ್ಯದರ್ಶಿ. ವ್ಯಾಪ್ತಿಗೆ ಬರುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ಸರ್ಕಾರೇತರ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ತಲಾ ಒಬ್ಬರು ಇರುತ್ತಾರೆ. ಗುತ್ತಿಗೆ ಕೊಡುವ ಮೀನುಗಾರಿಕೆ ಇಲಾಖೆಗೂ ನೀರು ಬಿಡುವ ನೀರಾವರಿ ಇಲಾಖೆಗೂ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಸಮಿತಿಯ ಕೆಲಸವೂ ರಾಜ್ಯದ ವನ್ಯಜೀವಿ ಆಡಳಿತದ ಹಿರಿಯ ಅಧಿಕಾರಿಯಾದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ನೀಡುವುದಷ್ಟೇ. ಈ ಎರಡೂ ಇಲಾಖೆಗಳನ್ನು ಮತ್ತು ಸಂಘದ ಒಬ್ಬರನ್ನು ಪ್ರತಿ ಸಭೆಗೂ ಆಹ್ವಾನಿಸುವಂತೆ ಪಂಚಾಯಿತಿಯು ಈಗಲೇ ನಿರ್ಣಯ ಮಾಡಿ ಕಳುಹಿಸಲಿ.

ಉತ್ತರ (ಹಾವಕ್ಕಿ):
ಕಾನೂನಿನ ಮಾತನ್ನು ಒಪ್ಪುತ್ತೇನೆ, ಆದರೆ ಗುತ್ತಿಗೆ ಈಗಿರುವಂತೆಯೇ ಮುಂದುವರಿಯುವುದನ್ನು ಒಪ್ಪಲಾರೆ. ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ರಾತ್ರಿಯಿಡೀ ನೀರಿನಲ್ಲಿ ಬಿಟ್ಟರೆ, ಮುಳುಗಿ ಮೀನು ಹಿಡಿಯುವ ನೀರುಕಾಗೆ ಮತ್ತು ಹಾವಕ್ಕಿಗಳು ಅದರಲ್ಲಿ ಸಿಕ್ಕಿ ಉಸಿರುಗಟ್ಟಿ ಸಾಯುತ್ತವೆ. ಬೆಳಿಗ್ಗೆ ಬಲೆ ಎಳೆದಾಗ ಕುತ್ತಿಗೆಗೆ ಎಳೆ ಸುತ್ತಿಕೊಂಡ ಹಕ್ಕಿಯನ್ನು ಬಿಡಿಸುವುದು ನೋಡಲಾಗದ ಸಂಕಟ. ಇನ್ನೊಂದು ಅಪಾಯವೆಂದರೆ, ಮೀನನ್ನು ಒಟ್ಟಿಗೆ ಹಿಡಿಯಲು ಬೇಸಿಗೆಯಲ್ಲಿ ತೂಬು ತೆಗೆದು ನೀರು ಇಳಿಸುವುದು. ಮರದ ಬುಡ ಒಣಗಿದರೆ ನಾಯಿಗಳು ನಡೆದೇ ಬರುತ್ತವೆ, ಕೆಳಗೆ ಬಿದ್ದ ಮರಿ ಉಳಿಯುವುದಿಲ್ಲ. ಗೂಡಿನ ಕಾಲದಲ್ಲಿ ಮರಗಳ ಸುತ್ತ ಬಲೆ ಬೇಡ, ಇಂತಿಷ್ಟು ಮಟ್ಟಕ್ಕಿಂತ ಕೆಳಗೆ ನೀರು ಇಳಿಸಬಾರದು, ಪಟಾಕಿ ಸಿಡಿಸಬಾರದು ಎಂಬ ಷರತ್ತುಗಳು ಕರಾರಿನಲ್ಲೇ ಬರಬೇಕು.

ಉತ್ತರ (ಸಂಘದ ಸದಸ್ಯ):
ನಾನೂ ಇಂತಹುದೇ ಒಂದು ಕೆರೆಯಲ್ಲಿ ಮೀನು ಹಿಡಿಯುವವನು. ಷರತ್ತುಗಳಿಗೆ ನಮ್ಮ ವಿರೋಧವಿಲ್ಲ. ಆದರೆ ಮೀನುಮರಿ ಬಿತ್ತನೆಗೆ ಸಾಲ ಮಾಡಿ ಹಣ ಹಾಕಿದ ಮೇಲೆ, ನಡುವೆ ಷರತ್ತು ಹೇರಿ ಗುತ್ತಿಗೆ ಹಣವನ್ನು ಮಾತ್ರ ಪೂರ್ತಿ ಕೇಳುವುದು ನ್ಯಾಯವಲ್ಲ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ (ಇದು ಸರ್ಕಾರಿ ಜಾಗಕ್ಕಲ್ಲ, ಖಾಸಗಿ ಅಥವಾ ಸಮುದಾಯದ ಜಾಗಕ್ಕೆ ಅನ್ವಯಿಸುವ ಬಗೆ) ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ, ಹಕ್ಕಿಗಳು ಗೂಡು ಕಟ್ಟುವ ಹುಣಸೆ ಮರಗಳ ಮಾಲೀಕರಿಗೆ ಫಸಲಿನ ನಷ್ಟಕ್ಕಾಗಿ ಅರಣ್ಯ ಇಲಾಖೆ ಪರಿಹಾರ ನೀಡುತ್ತಾ ಬಂದಿದೆ. ಬಲೆ ಹಾಕದ ತಿಂಗಳುಗಳಿಗೆ ನಮ್ಮ ಗುತ್ತಿಗೆ ಮೊತ್ತವನ್ನೂ ಅದೇ ರೀತಿ ಇಳಿಸಲಿ.

ಪ್ರಶ್ನೆ ಕೇಳಿದವರು (ಕೆರೆಯಂಗಳ):
ಎಲ್ಲರಿಗೂ ಕೃತಜ್ಞತೆಗಳು. ಗೂಡಿನ ಕಾಲದ ಷರತ್ತು ಮತ್ತು ಗುತ್ತಿಗೆ ಮೊತ್ತದ ಇಳಿಕೆ, ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದು, ಸಂಘದವರ ಸಹಿಯೊಂದಿಗೆ ಮುಂದಿನ ಗ್ರಾಮಸಭೆಯಲ್ಲಿ ಇಡುತ್ತೇವೆ.