ಏರಿನಲ್ಲಿ ಕಿಕ್‌ಡೌನ್ ಆಗದ ಹಳೆಯ ಆಟೊಮ್ಯಾಟಿಕ್ ಕಾರು: ಪ್ರಶ್ನೋತ್ತರ

ಪ್ರಶ್ನೆ (ಸಕಲೇಶಪುರದ ಸದಸ್ಯರು):
ಮಾನ್ಯರೇ, ನನ್ನ ಬಳಿ 1997ರ ಪೆಟ್ರೋಲ್ ಕಾರೊಂದಿದೆ. ನಾಲ್ಕು ಗೇರಿನ ಆಟೊಮ್ಯಾಟಿಕ್. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಲಾರಿಯೊಂದನ್ನು ಹಿಂದಿಕ್ಕಬೇಕೆಂದು ಎಕ್ಸಿಲರೇಟರ್ ಪೂರ್ತಿ ಒತ್ತಿದರೆ, ಮೊದಲೆಲ್ಲ ಗೇರ್ ತಾನಾಗಿ ಕೆಳಗಿಳಿದು ಗಾಡಿ ಮುನ್ನುಗ್ಗುತ್ತಿತ್ತು. ಈ ಮಳೆಗಾಲದಿಂದ ಎಷ್ಟೇ ಒತ್ತಿದರೂ ಅದೇ ಗೇರಿನಲ್ಲಿ ನರಳುತ್ತಾ ಏರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್ ಇಳಿಸಿ ಬಿಚ್ಚಿಯೇ ನೋಡಬೇಕು ಎನ್ನುತ್ತಿದ್ದಾರೆ. ಇಳಿಸುವುದು ಅನಿವಾರ್ಯವೇ?

ಉತ್ತರ (ಹಾಸನದ ಗ್ಯಾರೇಜಿನಿಂದ):
ಗೇರ್‌ಬಾಕ್ಸ್ ಇಳಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಕಿಕ್‌ಡೌನ್, ಅಂದರೆ ಪೆಡಲ್ ಪೂರ್ತಿ ಒತ್ತಿದಾಗ ಗೇರ್ ತಾನಾಗಿ ಕೆಳಗಿಳಿಯುವುದು, ಗೇರ್‌ಬಾಕ್ಸಿನೊಳಗೆ ಮುಗಿಯುವ ಕೆಲಸವಾದರೂ ಅದು ಶುರುವಾಗುವುದು ನಿಮ್ಮ ಪಾದದ ಕೆಳಗೆ. ಪೆಡಲ್ ಕೊನೆಯವರೆಗೂ ಇಳಿದಾಗ ಒಂದು ಕೇಬಲ್ಲೋ, ವಿದ್ಯುತ್ ಸ್ವಿಚ್ಚೋ ಆ ಸುದ್ದಿಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುತ್ತದೆ; ಅಲ್ಲಿ ವಾಲ್ವ್ ಸರಿದು, ಎಣ್ಣೆಯ ದಾರಿ ಬದಲಾಗಿ, ಕೆಳಗಿನ ಗೇರಿನ ಕ್ಲಚ್ಚೋ ಬ್ಯಾಂಡೋ ಹಿಡಿಯುತ್ತದೆ. ಸುದ್ದಿಯೇ ತಲುಪದಿದ್ದರೆ ಗೇರ್‌ಬಾಕ್ಸ್ ಎಷ್ಟು ಗಟ್ಟಿಮುಟ್ಟಾಗಿದ್ದರೂ ಅದು ಇದ್ದ ಗೇರಿನಲ್ಲೇ ಇರುತ್ತದೆ.

ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ವಾಹನಸಂಚಾರವಿಲ್ಲದ ಏರಿನಲ್ಲಿ ಗಂಟೆಗೆ 40–45 ಕಿ.ಮೀ. ವೇಗದಲ್ಲಿರುವಾಗ ಲಿವರನ್ನು ‘ಡಿ’ಯಿಂದ ‘2’ಕ್ಕೆ ಎಳೆಯಿರಿ. ಇಂಜಿನ್ನಿನ ಆರ್‌ಪಿಎಂ ಏರಿ ಗಾಡಿಯೂ ಎಳೆದರೆ ಎರಡನೇ ಗೇರ್ ಆರೋಗ್ಯವಾಗಿದೆ, ಆಜ್ಞೆ ಹೋಗುವ ದಾರಿಯಲ್ಲಿ ತೊಂದರೆಯಿದೆ ಎಂದರ್ಥ. ಆರ್‌ಪಿಎಂ ಮಾತ್ರ ಏರಿ ಗಾಡಿ ಮುಂದೆ ಹೋಗದಿದ್ದರೆ ಒಳಗೆ ಜಾರುತ್ತಿದೆ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ. ಗೇರ್ ಇಳಿದು, ಜಾರದೆಯೂ ಗಾಡಿಗೆ ಪಿಕಪ್ ಇಲ್ಲವಾದರೆ ಫ್ಯುಯೆಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್‌ಗಳನ್ನು ನೋಡಬೇಕು. ಇಂಜಿನ್ ಸೋತಿರುವುದನ್ನು ಕಿಕ್‌ಡೌನ್ ದೋಷವೆಂದು ತಿಳಿದು ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಬಂದವರನ್ನು ನಾನು ಬಹಳ ಕಂಡಿದ್ದೇನೆ.

ಜೊತೆಗೆ ಗೇರ್ ಆಯಿಲ್ ನೋಡಿ. ಸಾಮಾನ್ಯವಾಗಿ ಗಾಡಿ ಬಿಸಿಯಾಗಿ, ಸಮತಟ್ಟಾದ ಜಾಗದಲ್ಲಿ, ಇಂಜಿನ್ ಚಾಲೂ ಇದ್ದು, ಲಿವರ್ ‘ಪಿ’ಯಲ್ಲಿರುವಾಗಲೇ ಡಿಪ್‌ಸ್ಟಿಕ್ ತೆಗೆಯಬೇಕು, ಕೆಲವು ಗಾಡಿಗಳಿಗೆ ‘ಎನ್’ ಎಂದು ಕೈಪಿಡಿಯಲ್ಲಿರುತ್ತದೆ. ಎಣ್ಣೆ ಕೆಂಪಗಿದ್ದರೆ ಒಳ್ಳೆಯದು. ಕಪ್ಪಾಗಿ ಸೀದ ವಾಸನೆಯಿದ್ದರೆ ಕ್ಲಚ್ ಪ್ಲೇಟ್ ಸುಟ್ಟಿರಬಹುದು.

ಪ್ರಶ್ನಿಸಿದವರ ಮರುಬರಹ:
ತಾವು ಹೇಳಿದಂತೆ ಮಾಡಿದೆ. ಲಿವರ್ ಎಳೆದಾಗ ಗಾಡಿ ಚೆನ್ನಾಗಿ ಎಳೆಯಿತು, ಎಣ್ಣೆಯೂ ಕೆಂಪಗಿದೆ. ಆದರೆ ಪೆಡಲ್ ಕೆಳಗೆ ನೋಡಿದಾಗ ನಾಚಿಕೆಯಾಯಿತು. ತೋಟದ ಕೆಸರು ಕಾರಿನೊಳಗೆ ಬಾರದಿರಲೆಂದು ಜೂನಿನಲ್ಲಿ ನಾನೇ ರಬ್ಬರ್ ಮ್ಯಾಟಿನ ಮೇಲೆ ದಪ್ಪನೆಯ ತೆಂಗಿನ ನಾರಿನ ಮ್ಯಾಟೊಂದನ್ನು ಹಾಸಿದ್ದೆ. ಪೆಡಲ್ ಅದಕ್ಕೆ ತಾಗಿ ನಿಲ್ಲುತ್ತಿತ್ತು. ಅದನ್ನು ತೆಗೆದ ಮೇಲೆ ಕಿಕ್‌ಡೌನ್ ಆಗುತ್ತಿದೆ, ಆದರೆ ಮೂರು ಸಲ ಒತ್ತಿದರೆ ಒಂದು ಸಲ ಮಾತ್ರ. ಇಂಜಿನ್ ಬಳಿ ಥ್ರಾಟಲಿನಿಂದ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನಿಂದ) ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಒಂದಿದೆ.

ಉತ್ತರ:
ನಾಚಿಕೆ ಬೇಡ, ಮಲೆನಾಡಿನ ಗಾಡಿಗಳಲ್ಲಿ ಇದು ಹೊಸತಲ್ಲ. ಪೆಡಲಿಗೆ ಸಿಕ್ಕಿಕೊಳ್ಳುವ ಮ್ಯಾಟ್ ಅಪಾಯಕಾರಿಯೂ ಹೌದು, ಮತ್ತೆ ಹಾಸಬೇಡಿ.

ಇನ್ನುಳಿದಿರುವುದು ಕೇಬಲ್. ಇಂಜಿನ್ ಬಂದ್ ಮಾಡಿ, ಮನೆಯವರೊಬ್ಬರನ್ನು ಒಳಗೆ ಕೂರಿಸಿ ಪೆಡಲನ್ನು ಪೂರ್ತಿ ಒತ್ತಿಸಿ, ನೀವು ಬಾನೆಟ್ ಎತ್ತಿ ಥ್ರಾಟಲನ್ನು ನೋಡಿ. ಮೊದಲು ಥ್ರಾಟಲ್ ತನ್ನ ಸ್ಟಾಪರಿಗೆ ಮುಟ್ಟುವಷ್ಟು ತೆರೆಯುತ್ತದೆಯೇ ನೋಡಬೇಕು. ಮುಟ್ಟದಿದ್ದರೆ ಎಕ್ಸಿಲರೇಟರ್ ಕೇಬಲ್ ಹಿಗ್ಗಿದೆ, ಅದನ್ನು ಸರಿಪಡಿಸದೆ ಇನ್ನೊಂದನ್ನು ಮುಟ್ಟಬಾರದು. ಥ್ರಾಟಲ್ ಪೂರ್ತಿ ತೆರೆದಾಗ ಗೇರ್‌ಬಾಕ್ಸಿನ ಕೇಬಲ್ಲೂ ತನ್ನ ಕೊನೆಯವರೆಗೆ ಎಳೆದಿರಬೇಕು. ಹಳೆಯ ಟೊಯೊಟಾ ಗೇರ್‌ಬಾಕ್ಸ್‌ಗಳಲ್ಲಿ ಈ ಸ್ಥಿತಿಯಲ್ಲಿ ಕೇಬಲ್ ಮೇಲಿನ ಸ್ಟಾಪರಿಗೂ ಹೊರಕವಚದ ತುದಿಗೂ ನಡುವೆ 0ಯಿಂದ 1 ಮಿ.ಮೀ. ಅಂತರವಿರಬೇಕೆಂಬ ಲೆಕ್ಕವಿದೆ, ನಿಮ್ಮ ಗಾಡಿಯ ಅಳತೆಯನ್ನು ಅದರ ವರ್ಕ್‌ಶಾಪ್ ಪುಸ್ತಕದಿಂದಲೇ ತೆಗೆದುಕೊಳ್ಳಿ. ಒಮ್ಮೆ ಆಗಿ ಒಮ್ಮೆ ಆಗದಿರುವುದನ್ನು ನೋಡಿದರೆ ಕೇಬಲ್ ಒಳಗೆ ತುಕ್ಕು ಹಿಡಿದು ಬಿಗಿಯಾಗಿರುವ ಸಂಶಯವೂ ನನಗಿದೆ. ಹಾಗಿದ್ದರೆ ಎಣ್ಣೆ ಬಿಟ್ಟು ದಿನ ದೂಡದೆ ಹೊಸದನ್ನೇ ಹಾಕಿಸಿ.

ಒಂದು ಎಚ್ಚರಿಕೆ. ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಈ ಕೇಬಲ್ ಕಿಕ್‌ಡೌನಿಗಷ್ಟೇ ಅಲ್ಲ, ಒಳಗಿನ ಎಣ್ಣೆಯ ಒತ್ತಡವನ್ನೂ ಅದೇ ನಿರ್ಧರಿಸುತ್ತದೆ. ಅದು ಸಡಿಲವಾದರೆ ಗೇರ್‌ಗಳು ಬೇಗ ಬೇಗ, ಮೆತ್ತಗೆ ಬೀಳುತ್ತವೆ. ಓಡಿಸುವವರಿಗೆ ಹಿತವೆನಿಸಿದರೂ ಒತ್ತಡ ಕಡಿಮೆಯಾಗಿ ಕ್ಲಚ್ ಪ್ಲೇಟ್‌ಗಳು ಜಾರಿ ಸುಡುತ್ತವೆ. ಅತಿಯಾಗಿ ಬಿಗಿಯಾದರೆ ಗೇರ್ ತಡವಾಗಿ, ಒದ್ದಂತೆ ಬೀಳುತ್ತದೆ. ಕೇಬಲ್ ಕಳಚಿಟ್ಟು ಘಾಟಿ ಹತ್ತುವ ಸಾಹಸವನ್ನಂತೂ ಮಾಡಬೇಡಿ.

ಪ್ರಶ್ನೆ (ಚಿಕ್ಕಮಗಳೂರಿನ ಸದಸ್ಯರು):
ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಏರುವಾಗ ನನ್ನ ಹಳೆಯ ಕಾರಿನದೂ ಇದೇ ಕತೆ. ನನ್ನದರಲ್ಲಿ ಪೆಡಲ್ ಅಡಿಯಲ್ಲಿ ಸ್ವಿಚ್ ಇದೆ. ಅದನ್ನು ಪರೀಕ್ಷಿಸುವುದು ಹೇಗೆ?

ಉತ್ತರ:
ಫ್ಯೂಸಿನಿಂದ ಆರಂಭಿಸಿ. ಅದು ಸರಿಯಿದ್ದರೆ ಇಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಪೆಡಲನ್ನು ಕೊನೆಯವರೆಗೆ ಒತ್ತಿಸಿ. ಸಾಮಾನ್ಯವಾಗಿ ಗೇರ್‌ಬಾಕ್ಸ್ ಬಳಿ ಸೊಲೆನಾಯ್ಡಿನ (ವಿದ್ಯುತ್ತಿನಿಂದ ವಾಲ್ವ್ ಸರಿಸುವ ಬಿಡಿಭಾಗದ) ‘ಟಕ್’ ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ಸೊಲೆನಾಯ್ಡಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಪೆಡಲ್ ಒತ್ತಿದಾಗ ದೀಪ ಹತ್ತಿದರೆ ಸೊಲೆನಾಯ್ಡ್ ಹೋಗಿದೆ. ಹತ್ತದಿದ್ದರೆ ಸ್ವಿಚ್ ಅಥವಾ ವೈರಿಂಗ್. ಒದ್ದೆ ಬೂಟಿನ ನೀರು ಇಳಿದಿಳಿದು ಸ್ವಿಚ್ಚಿನ ಒಳಗೆ ಕಿಲುಬು ಕಟ್ಟುವುದು ನಮ್ಮ ಕಡೆ ಸಾಮಾನ್ಯ.

ಸಕಲೇಶಪುರದ ಸದಸ್ಯರು (ಹತ್ತು ದಿನಗಳ ನಂತರ):
ಕೇಬಲ್ ತುಕ್ಕು ಹಿಡಿದಿತ್ತು, ಬದಲಾಯಿಸಿದೆ. ಮಾರನಹಳ್ಳಿಯ ಏರಿನಲ್ಲಿ ಈಗ ಪ್ರತಿಸಲವೂ ಗೇರ್ ಇಳಿಯುತ್ತಿದೆ. ಆದರೆ ಬೆಂಗಳೂರು ರಸ್ತೆಯಲ್ಲಿ 100ರ ವೇಗದಲ್ಲಿರುವಾಗ ಪೂರ್ತಿ ಒತ್ತಿದರೂ ಎರಡನೇ ಗೇರಿಗೆ ಇಳಿಯುವುದಿಲ್ಲ.

ಉತ್ತರ:
ಇಳಿಯಲೂಬಾರದು. ಆ ವೇಗದಲ್ಲಿ ಎರಡನೇ ಗೇರ್ ಬಿದ್ದರೆ ಇಂಜಿನ್ ಮಿತಿ ಮೀರಿ ತಿರುಗೀತೆಂದು ಗೇರ್‌ಬಾಕ್ಸ್ ತಾನೇ ತಡೆಯುತ್ತದೆ. ನಾಲ್ಕರಿಂದ ಮೂರಕ್ಕೆ ಇಳಿಯುತ್ತಿದ್ದರೆ ನಿಮ್ಮ ಗಾಡಿ ಸರಿಯಿದೆ.