ಒಡೆದ ಅರಮನೆ ಮತ್ತೆ ಕಟ್ಟಿದರೆ ಅದೇ ಅರಮನೆ ಆಗುತ್ತಾ?

ಕೋಟೆಬೀದಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಾಮರಾಜಪೇಟೆ, ಈಗ ಆರು ತಿಂಗಳಿಂದ ಬರ್ಲಿನ್‌ನಲ್ಲಿ ಇದ್ದೇನೆ. ಮೊನ್ನೆ ಭಾನುವಾರ ಇಲ್ಲಿನ ಅರಮನೆ ನೋಡಲು ಹೋಗಿದ್ದೆ. ಈಗ ಅದನ್ನು ಹುಂಬೋಲ್ಟ್ ಫೋರಂ ಅಂತಾರೆ, ಒಳಗೆ ಮ್ಯೂಸಿಯಂ ಇದೆ. ಕಂಬ, ಕೆತ್ತನೆ ಎಲ್ಲಾ ಮುನ್ನೂರು ವರ್ಷ ಹಳೇ ಮಾದರಿ, ಗುಮ್ಮಟ ಹತ್ತೊಂಬತ್ತನೇ ಶತಮಾನದ ಮಾದರಿ. ಆದರೆ ಕಲ್ಲು ನೋಡಿದರೆ ನಿನ್ನೆ ಕೆತ್ತಿದ ಹಾಗಿದೆ. ನದಿ ಕಡೆ ಹೋದರೆ ಇನ್ನೊಂದು ಆಶ್ಚರ್ಯ, ಆ ಒಂದು ಗೋಡೆ ಮಾತ್ರ ಯಾವುದೋ ಆಫೀಸಿನ ತರಹ ಸಪಾಟು!

ಮನೆಗೆ ಬಂದು ಓದಿದೆ. ಅಡಿಗಲ್ಲು ಹಾಕಿದ್ದೇ 2013ರಲ್ಲಂತೆ. ಹಳೇ ಅರಮನೆ 1945ರಲ್ಲಿ ಬಾಂಬ್ ಬಿದ್ದು ಸುಟ್ಟಿತ್ತು, ಉಳಿದ ಗೋಡೆಗಳನ್ನು 1950ರಲ್ಲಿ ಪೂರ್ವ ಜರ್ಮನಿ ಸರ್ಕಾರವೇ ಸಿಡಿಮದ್ದು ಇಟ್ಟು ಉಡಾಯಿಸಿತ್ತು. ಸುಮಾರು 68 ಕೋಟಿ ಯೂರೋ ಸುರಿದು ಮತ್ತೆ ಕಟ್ಟಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಬೆಂಗಳೂರು ಕೋಟೆಯನ್ನೂ ಹೀಗೇ ಯಾಕೆ ಕಟ್ಟಬಾರದು? ಹೈದರಾಲಿ ಕಾಲದ ಅಷ್ಟು ದೊಡ್ಡ ಕಲ್ಲುಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಚೂರು. ಚಿಕ್ಕವನಿದ್ದಾಗ ನಾನು ಅದನ್ನೇ ಪೂರ್ತಿ ಕೋಟೆ ಅಂದುಕೊಂಡಿದ್ದೆ.

ಪಯಣಿಗ:
ನೀವು ಓದಿದ್ದು ಅರ್ಧ ಕಥೆ. ಮಧ್ಯದಲ್ಲಿ ಇನ್ನೊಂದು ಕಟ್ಟಡ ಬಂದು ಹೋಗಿದೆ. ಅದೇ ಜಾಗದಲ್ಲಿ 1976ರಲ್ಲಿ ಪೂರ್ವ ಜರ್ಮನಿಯವರು ‘ಗಣರಾಜ್ಯದ ಅರಮನೆ’ ಅಂತ ಕಟ್ಟಿದ್ದರು. ಕಂದುಬಣ್ಣದ ಕನ್ನಡಿಗಾಜಿನ ದೊಡ್ಡ ಪೆಟ್ಟಿಗೆ. ಒಂದು ಕಡೆ ಸಂಸತ್ತು, ಉಳಿದ ಕಡೆ ಹೋಟೆಲು, ನಾಟಕ, ಬೌಲಿಂಗು, ಡಿಸ್ಕೋ. ವಿಧಾನಸೌಧದೊಳಗೆ ಮದುವೆ ಛತ್ರ ಇಟ್ಟ ಹಾಗೆ ಅಂದುಕೊಳ್ಳಿ. ಶ್ವಾಸಕೋಶ ಕೆಡಿಸುವ ಕಲ್ನಾರು (ಆಸ್ಬೆಸ್ಟಾಸ್) ತುಂಬಿದೆ ಅಂತ 1990ರಲ್ಲಿ ಬೀಗ ಹಾಕಿದರು. ಕಲ್ನಾರು ತೆಗೆದ ಮೇಲಾದರೂ ಬಿಟ್ಟರಾ ಅಂದರೆ ಇಲ್ಲ, 2006ರಿಂದ 2008ರವರೆಗೆ ನಿಧಾನಕ್ಕೆ ಬಿಚ್ಚಿ ಹಾಕಿದರು.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಪೂರ್ವ ಬರ್ಲಿನ್‌ನಲ್ಲೇ ಬೆಳೆದವರು. ಅವರ ಮದುವೆ ಊಟ ಆದದ್ದು ಅಲ್ಲೇ. ಹೊಸ ಅರಮನೆಯೊಳಗೆ ಇವತ್ತಿನವರೆಗೂ ಕಾಲಿಟ್ಟಿಲ್ಲ. ಒಬ್ಬರ ನೆನಪು ಕಟ್ಟಲು ಇನ್ನೊಬ್ಬರ ನೆನಪು ಒಡೆದರು ಅನ್ನುವುದು ಅವರ ಕೋಪ. ನನಗಂತೂ ಅದು ತಪ್ಪು ಅನ್ನಿಸುವುದಿಲ್ಲ.

ಈಗ ನಿಮ್ಮ ಕೋಟೆಗೆ ಬರೋಣ. ಆ ಜಾಗದಲ್ಲಿ ವಿಕ್ಟೋರಿಯಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಇದೆ, ರಸ್ತೆ ಇದೆ. ಯಾವುದನ್ನು ಒಡೆಯುತ್ತೀರಿ?

ಒಂಟಿಕೊಪ್ಪಲು:
ಸ್ವಾಮಿ, ಮರಳಿ ಕಟ್ಟೋದು ಅಂದರೆ ಪಡಿಯಚ್ಚು ತೆಗೆಯೋದೇ ಆಗಬೇಕಾ? ನಮ್ಮ ಮೈಸೂರು ಅರಮನೆ ನೋಡಿ. ಮೊದಲು ಇದ್ದದ್ದು ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಸುಟ್ಟುಹೋಯಿತು. ಆಗ ಆಡಳಿತ ನೋಡುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹಳೆಯದನ್ನೇ ಹಾಗೆಹಾಗೇ ಕಟ್ಟಿ ಅನ್ನಲಿಲ್ಲ. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಕೆಲಸ ಒಪ್ಪಿಸಿದರು, 1912ಕ್ಕೆ ಈಗಿನ ಅರಮನೆ ಮುಗಿಯಿತು. ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದವು! ಆದರೂ ಇದು ನಕಲಿ ಅಂತ ಒಬ್ಬರೂ ಅನ್ನುವುದಿಲ್ಲ. ದಸರಾ ಅಲ್ಲೇ ನಡೆಯುತ್ತೆ, ಜನ ಅಲ್ಲೇ ಸೇರುತ್ತಾರೆ. ಬರ್ಲಿನ್‌ನಲ್ಲಿ ರಾಜನೂ ಇಲ್ಲ, ದರ್ಬಾರೂ ಇಲ್ಲ, ಬರೀ ಮುಖವಾಡ ಯಾಕೆ?

ಸುಣ್ಣಗಾರೆ:
ಹಳೇ ಕಟ್ಟಡಗಳ ರಿಪೇರಿಯೇ ನನ್ನ ಹೊಟ್ಟೆಪಾಡು, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರಾಗಬೇಡಿ.

ಬರ್ಲಿನ್ ಅರಮನೆ ಒಳಗೆ ಕಾಂಕ್ರೀಟು, ಮೇಲೆ ಇಟ್ಟಿಗೆ ಮತ್ತು ಕೆತ್ತಿದ ಕಲ್ಲು. ಆದರೆ ಆ ಕಲ್ಲುಕೆಲಸ ಮುಖವಾಡ ಅಂತ ತಳ್ಳಿಹಾಕಬೇಡಿ. ಹಳೇ ಫೋಟೋ ಹಿಡಿದು ಒಂದೊಂದು ಶಿಲ್ಪವನ್ನೂ ಮಣ್ಣಿನಲ್ಲಿ ಮಾಡಿ, ಆಮೇಲೆ ಕಲ್ಲಿಗೆ ಇಳಿಸಿದ್ದಾರೆ. ಅಂಥ ಕೆಲಸ ಸಿಕ್ಕರೆ ತಾನೇ ಕೈ ಪಳಗುವುದು? ಇಲ್ಲಿ ಸುಣ್ಣದ ಗಾರೆ ಅರೆಯಲು ಗೊತ್ತಿರುವವರನ್ನು ಹುಡುಕಿಕೊಂಡು ನಾನು ತಮಿಳುನಾಡಿಗೆ ಹೋಗಬೇಕು.

ನನಗೆ ಇಷ್ಟವಾದದ್ದು ಡ್ರೆಸ್ಡೆನ್‌ನ ಫ್ರಾವೆನ್‌ಕಿರ್ಖೆ ಚರ್ಚು. ಅದು 1945ರಲ್ಲಿ ಕುಸಿದು ರಾಶಿಯಾಗಿ ಬಿತ್ತು. ಆ ರಾಶಿಯನ್ನು ಯಾರೂ ಎತ್ತಿ ಎಸೆಯಲಿಲ್ಲ, ನಾಲ್ಕೂವರೆ ದಶಕ ಅಲ್ಲೇ ಇತ್ತು. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ, 1994ರಿಂದ 2005ರೊಳಗೆ ಕಟ್ಟಿದರು. ಸುಟ್ಟು ಕಪ್ಪಾದ ಕಲ್ಲು ಹೊಸ ಬಿಳೀ ಕಲ್ಲಿನ ಮಧ್ಯೆ ಇವತ್ತಿಗೂ ಎದ್ದು ಕಾಣುತ್ತೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಕಟ್ಟಡವೇ ಹೇಳುತ್ತೆ. ಸುಳ್ಳಿಲ್ಲ.

ಕೋಟೆಯ ಕಲ್ಲು ಎಲ್ಲಿದೆ ಸರ್, ರಾಶಿ ಹಾಕಿಟ್ಟಿದ್ದಾರಾ? ನಿಂತಿರೋದನ್ನೇ ನೋಡಿಕೊಳ್ಳುತ್ತಿಲ್ಲ ನಾವು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಬಿದ್ದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬಾಗಿಲೂ ಬಿತ್ತು. ಆಮೇಲೆ ವರ್ಷಗಟ್ಟಲೆ ಒಂದೇ ಜಗಳ, ಕೆಡವಿ ಅದೇ ತರಹ ಕಟ್ಟೋದಾ, ಇರೋದನ್ನೇ ಸರಿಮಾಡೋದಾ ಅಂತ. ‘ಅದೇ ತರಹ ಕಟ್ಟಿಕೊಡುತ್ತೇವೆ’ ಅನ್ನೋ ಮಾತು ಕೇಳಿದರೆ ನನಗೆ ಭಯ. ಕೆಡವಲು ಅದಕ್ಕಿಂತ ಒಳ್ಳೇ ನೆಪ ಸಿಗಲ್ಲ.

ಒಂಟಿಕೊಪ್ಪಲು:
ಕೊನೇ ಎರಡು ಸಾಲಿಗೆ ಕೈ ಮುಗಿದೆ. ಬೆಂಗಳೂರಲ್ಲಿ ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನೂ ಎಂಬತ್ತರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ಸುಮ್ನೆ ಕೂತಿದ್ದರೆ ಇವತ್ತು ಅದರ ಪಡಿಯಚ್ಚಿನ ಬಗ್ಗೆ ಮಾತಾಡುತ್ತಿದ್ದೆವು.

ಕೋಟೆಬೀದಿ:
ಸರಿ, ಒಪ್ಪಿದೆ. ಕೋಟೆ ಕಟ್ಟೋದು ಬೇಡ. ಅದು ಎಲ್ಲಿಂದ ಎಲ್ಲಿಯವರೆಗೆ ಇತ್ತು ಅಂತ ರಸ್ತೆ ಮೇಲೆ ಒಂದು ಸಾಲು ಕಲ್ಲು ಹಾಸಿದರೂ ನನಗೆ ಸಾಕು. ಬರ್ಲಿನ್ ಗೋಡೆ ಇದ್ದ ಕಡೆ ಇಲ್ಲಿ ಹಾಗೇ ಮಾಡಿದ್ದಾರೆ, ದಿನಾ ಸೈಕಲ್ಲಿನಲ್ಲಿ ದಾಟುತ್ತೇನೆ.

ಪಯಣಿಗ:
ಇದು ಒಳ್ಳೇ ಯೋಚನೆ. ಮುಂದಿನ ಸಲ ಅರಮನೆ ಕಡೆ ಹೋದಾಗ ದಕ್ಷಿಣಕ್ಕಿರುವ ಹಳೇ ಸರ್ಕಾರಿ ಕಟ್ಟಡ ನೋಡಿ, ಪೂರ್ವ ಜರ್ಮನಿ ಕಾಲದ್ದು. 1918ರಲ್ಲಿ ಎಡಪಂಥೀಯ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಅರಮನೆಯ ಒಂದು ಬಾಗಿಲಿನಿಂದ ಸಮಾಜವಾದಿ ಗಣರಾಜ್ಯ ಘೋಷಿಸಿದರು ಅಂತ, ಅರಮನೆ ಉಡಾಯಿಸುವಾಗ ಆ ಬಾಗಿಲಿನ ತುಂಡು ಮಾತ್ರ ಉಳಿಸಿ ಅಲ್ಲಿ ಕೂರಿಸಿದ್ದಾರೆ.

ಕೋಟೆಬೀದಿ:
ಅಯ್ಯೋ, ಅದರ ಮುಂದೆ ನಿಂತು ಹೊಸ ಅರಮನೆಯ ಫೋಟೋ ತೆಗೆದೆ. ಅದಕ್ಕೆ ಬೆನ್ನು ಹಾಕಿಕೊಂಡೇ ನಿಂತಿದ್ದೆ.